ಮೂಡೆಯ ಕೊಸರು

ಆಗ ನನಗೆ ಅರುವತ್ತೇಳು. ಈಗ ಎಪ್ಪತ್ತೊಂದು. ಕಳೆದು ನೋಡಿದರೆ ನಾಲ್ಕು ವರ್ಷ. ನನ್ನ ಕಟ್ಟಿಗೆ ರಾಶಿಯ ಮೇಲೆ ಹೊದೆಸಿದ ಫ್ಲೆಕ್ಸಿಗೂ ಅಷ್ಟೇ ವಯಸ್ಸು. ಅದರಲ್ಲಿ ನನ್ನ ಮುಖ ಉಂಟು. ನಾಲ್ಕು ಮಳೆಗಾಲ ಹೊಡೆದರೂ ಹರಿಯಲಿಲ್ಲ, ನಿಜವಾದ ಮುಖಕ್ಕಿಂತ ಗಟ್ಟಿ. ಒಂದು ಕಿವಿಯ ಬಣ್ಣ ಹೋಗಿದೆ, ಹಣೆಯ ಮೇಲೆ ಕೋಳಿ ಕೂರುತ್ತದೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಈ ಕೈಗಳಿಗೆ ನ್ಯಾಯ ಸಿಗಲಿ’ ಎಂದು ಬರೆದಿದೆ. ಕೈ ಎಲ್ಲಿಯೂ ಇಲ್ಲ. ಕೈ ಎಂದು ಬರೆದು ಮುಖ ಹಾಕಿದವರು ಡಿಗ್ರಿ ಓದುವ ಮಕ್ಕಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಏನು ಹೇಳಲಿ?

ಆ ಫೋಟೋ ತೆಗೆಯುವಾಗ ನನ್ನ ಬಾಯಿ ತುಂಬ ಎಲೆಅಡಿಕೆ ಇತ್ತು. ಉಗುಳಿ ಬರುತ್ತೇನೆ, ನಿಲ್ಲಿ ಎಂದು ಹೇಳಲೂ ಬಾಯಿ ಬಿಡುವ ಹಾಗಿರಲಿಲ್ಲ. ಅದಕ್ಕೇ ಅಷ್ಟು ಗಂಭೀರವಾಗಿ ಬಂದಿದೆ. ಆ ಮಕ್ಕಳ ಕ್ಯಾಂಪಸ್ಸಿನಲ್ಲಿ ನೋಡಿದವರೆಲ್ಲ ‘ಅಜ್ಜಿಯ ಮುಖದಲ್ಲಿ ಎಷ್ಟು ನೋವು’ ಎಂದರಂತೆ. ಅದು ಎಲೆಅಡಿಕೆಯ ರಸ.

ನಾನು ಮೂಡೆ ಕಟ್ಟುವವಳು. ವೇಣೂರಿನಿಂದ ಒಳಗೆ, ನೀರು ಹರಿಯುವ ತೋಡಿನ ಬದಿಯಲ್ಲಿ ಮನೆ. ಘಟ್ಟದ ಮೇಲಿನವರಿಗೆ ಮೂಡೆ ಗೊತ್ತಿರಲಿಕ್ಕಿಲ್ಲ. ಕೇದಗೆ ಜಾತಿಯ ಮುಂಡೇವಿನ ಎಲೆಯನ್ನು ಸುತ್ತಿ ಲೋಟದ ಹಾಗೆ ಕೊಳವೆ ಮಾಡುವುದು, ಅದರಲ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುವುದು. ಎಲೆ ಬಿಚ್ಚಿದರೆ ಉದ್ದನೆಯ ಇಡ್ಲಿ, ಅದಕ್ಕೊಂದು ಪರಿಮಳ. ಅಷ್ಟಮಿಗೆ, ಚೌತಿಗೆ ನಮ್ಮ ಕಡೆ ಅದಿಲ್ಲದೆ ಆಗುವುದಿಲ್ಲ. ತಿನ್ನುವವರು ಎಲೆ ಬಿಚ್ಚಿ ಬಿಸಾಡುತ್ತಾರೆ. ಆ ಬಿಸಾಡುವ ಎಲೆ ನನ್ನ ಕಸುಬು.

ಮುಂಡೇವಿನ ಎಲೆಗೆ ಮೂರು ಸಾಲು ಮುಳ್ಳು: ಎರಡು ಅಂಚಿಗೆ ಎರಡು, ಬೆನ್ನಿನ ಮೇಲೆ ಒಂದು. ಮೂರನ್ನೂ ಸೀಳಿ ತೆಗೆಯಬೇಕು, ಬೆಂಕಿಯ ಮೇಲೆ ಹಿಡಿದು ಬಾಡಿಸಬೇಕು, ಆಮೇಲೆ ಸುತ್ತಬೇಕು. ತೆಂಗಿನ ಕಡ್ಡಿಯ ತುಂಡು ಚುಚ್ಚಿ ಭದ್ರ ಮಾಡಬೇಕು. ಬುಡ ಸರಿಯಾಗಿ ಮಡಿಸದಿದ್ದರೆ ಹಿಟ್ಟೆಲ್ಲ ನೀರಿಗೆ. ಮುಳ್ಳು ತೆಗೆಯುವಾಗ ಬಾಯಿ ಮುಚ್ಚಿಕೊಂಡಿರು ಎಂದು ನನ್ನ ಅಮ್ಮ ಹೇಳಿಕೊಟ್ಟಿದ್ದಳು. ಅಮ್ಮನ ಬೆರಳುಗಳಲ್ಲಿ ಒಂದು ಗೀರು ಇರಲಿಲ್ಲ. ನನ್ನ ಬೆರಳು ನೋಡಿದರೆ ನಾನು ಎಷ್ಟು ಮಾತಾಡಿದ್ದೇನೆಂದು ಲೆಕ್ಕ ಹಾಕಬಹುದು.

ಅಮ್ಮ ಕಲಿಸಿದ ಇನ್ನೊಂದು ಪಾಠ ಕೊಸರು. ನೂರು ಮೂಡೆ ಎಣಿಸಿ ಕೊಟ್ಟ ಮೇಲೆ ಎರಡು ಮೇಲೆ ಹಾಕಬೇಕು. ಹಬೆಯಲ್ಲಿ ಒಂದೆರಡು ಸೀಳುತ್ತವೆ, ಬೇಯಿಸುವವಳಿಗೆ ಕಮ್ಮಿ ಬೀಳಬಾರದು. ಮೀನಿನವಳು ಬೂತಾಯಿ ಎಣಿಸಿದ ಮೇಲೆ ಎರಡು ಹಾಕುವುದಿಲ್ಲವೇ, ಹಾಗೆ. ನಾನು ಸಣ್ಣವಳಿದ್ದಾಗ ನಮ್ಮ ಕಡೆಗೆ ಬರುತ್ತಿದ್ದ ಮೀನಿನವಳ ಹತ್ತಿರ ಕೊಸರು ಕೇಳಿದರೆ ಕೊಡುತ್ತಿರಲಿಲ್ಲ, ಕೇಳದಿದ್ದರೆ ಮಾತ್ರ ಕೊಡುತ್ತಿದ್ದಳು. ನಾನು ಬಾಯಿ ಬಿಗಿ ಹಿಡಿದು ಅವಳ ಬುಟ್ಟಿಯನ್ನೇ ನೋಡುತ್ತ ನಿಲ್ಲುತ್ತಿದ್ದೆ. ಅವಳು, “ಈ ಹುಡುಗಿಯ ಕಣ್ಣೇ ಕೇಳ್ತದೆ” ಎಂದು ಬೈದು ಒಂದೇ ಹಾಕುತ್ತಿದ್ದಳು. ಅರ್ಧ ಕೇಳಿದ್ದಕ್ಕೆ ಅರ್ಧ ಕೊಸರು.

ಈಗ ವಾಸಣ್ಣನ ವಿಷಯಕ್ಕೆ ಬರಬೇಕು. ವಾಸಣ್ಣ ನಮ್ಮ ಕಡೆಯ ಏಳು ಮಂದಿ ಹೆಂಗಸರಿಂದ ಮೂಡೆ ತೆಗೆದುಕೊಂಡು ಪೇಟೆಗೆ ಕೊಡುವವರು. ಹಬ್ಬ ಮುಗಿದರೆ ಮೂಡೆ ಕೇಳುವವರಿಲ್ಲ. ಆದರೆ ಮೂಡುಬಿದಿರೆಯಿಂದ ಇನ್ನೊಂದು ಬಸ್ಸಿನ ದೂರದಲ್ಲಿ ಗುಡ್ಡದ ಮೇಲೆ ಒಂದು ಕ್ಯಾಂಪಸ್ಸು ಉಂಟು. ಅಲ್ಲಿನ ಹಾಸ್ಟೆಲಿನ ಕ್ಯಾಂಟೀನಿನಲ್ಲಿ ಆದಿತ್ಯವಾರ ಬೆಳಿಗ್ಗೆ ಮೂಡೆ. ವರ್ಷವಿಡೀ ಕೆಲಸ ಎಂದು ನಮಗೆ ಇದ್ದದ್ದು ಅದೊಂದೇ. ಅದನ್ನು ತಂದುಕೊಟ್ಟವರು ವಾಸಣ್ಣ, ಸುಳ್ಳು ಹೇಳಬಾರದು. ನನಗೆ ಜ್ವರ ಬಂದಾಗ ಮೂಡೆ ಸಾಗಿಸುವ ಪಿಕಪ್ಪು ಗಾಡಿಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಅವರೇ.

ಮೊದಲ ದಿನ ಮೂಡೆ ಎಣಿಸಿ ಎರಡು ಕೊಸರು ಹಾಕಿದೆ. ವಾಸಣ್ಣ ನಕ್ಕರು. “ಅಪ್ಪಿಯಕ್ಕ, ಅಲ್ಲಿ ನೂರಾರು ಮಕ್ಕಳು ತಿನ್ನುವುದು. ನಿಮ್ಮ ಕೈ ಇಷ್ಟು ಸಣ್ಣದಾ?”

ಐಸಮ್ಮ ಪಕ್ಕದಲ್ಲಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಅವಳು ತೋಡಿನ ಆಚೆಯ ಮನೆಯವಳು, ನನ್ನಷ್ಟೇ ಮೂಡೆ ಕಟ್ಟುವವಳು, ನನಗಿಂತ ಬುದ್ಧಿ ಇರುವವಳು. ಆ ದಿನ ಅವಳು ಇರಲಿಲ್ಲ. ನನ್ನ ಕೈ ಸಣ್ಣದು ಎಂದು ಯಾರೂ ಹೇಳಿದ್ದಿಲ್ಲ. “ಹತ್ತು ತಗೊಳ್ಳಿ ಹೋಗಿ” ಎಂದು ಇನ್ನೆಂಟು ಎತ್ತಿ ಚೀಲಕ್ಕೆ ಹಾಕಿಬಿಟ್ಟೆ. ಆ ದಿನ ಊಟ ಮಾಡುವಾಗಲೂ ಜಂಬದಿಂದ ಬೆನ್ನು ನೆಟ್ಟಗಿತ್ತು.

ಮುಂದಿನ ವಾರ ವಾಸಣ್ಣ ತಾವೇ ಹತ್ತು ಎಣಿಸಿಕೊಂಡರು. ಅದರ ಮುಂದಿನ ವಾರ ಐಸಮ್ಮನ ಹತ್ತಿರವೂ, ಉಳಿದ ಐದು ಮಂದಿಯ ಹತ್ತಿರವೂ ನೂರಕ್ಕೆ ಹತ್ತು. ಯಾಕೆಂದು ಅವರು ಕೇಳಿದ್ದಕ್ಕೆ, “ಕ್ಯಾಂಟೀನಿನ ನಿಯಮ” ಎಂದರಂತೆ. ಐಸಮ್ಮ ಬಂದು ನನ್ನ ಜಗಲಿಯಲ್ಲಿ ಕೂತು ಆ ಕ್ಯಾಂಟೀನಿನವರಿಗೆ ಶಾಪ ಹಾಕಿದಳು. ನಾನೂ ಜೊತೆಗೆ ಹಾಕಿದೆ. ಎಂಟು ವರ್ಷ ಹಾಕಿದೆ. ನನ್ನ ಬಾಯಿಂದ ಬಂದದ್ದು ಎಂದು ಹೇಳಲಿಲ್ಲ.

ಇದು ಹೀಗಿರುವಾಗ ಆ ಮಕ್ಕಳು ಬಂದರು. ಇಬ್ಬರು ಹುಡುಗಿಯರು. ಒಬ್ಬಳು ವಿಟ್ಲದ ನಿಶ್ಮಿತಾ, ಇನ್ನೊಬ್ಬಳು ಗದಗ ಕಡೆಯ ಶಿವಲೀಲಾ. ಕ್ಯಾಂಪಸ್ಸಿನಲ್ಲಿ ಅವರದ್ದೊಂದು ಗುಂಪು ಇತ್ತಂತೆ. ನಾವು ತಿನ್ನುವುದನ್ನು ಮಾಡಿದವರಿಗೆ ನ್ಯಾಯವಾದದ್ದು ಸಿಕ್ಕಿದೆಯಾ ಎಂದು ವಿಚಾರಿಸುವ ಗುಂಪು. ನ್ಯಾಯದ ವ್ಯಾಪಾರ ಎಂದು ಅದಕ್ಕೆ ಹೆಸರು. ಮೊದಲು ಚಾಕೊಲೇಟಿನ ವಿಷಯ ಹಿಡಿದಿದ್ದರಂತೆ.

“ಅದನ್ನು ಬೆಳೆಯುವವರಿಗೆ ತುಂಬ ಅನ್ಯಾಯ ಆಗ್ತದೆ ಅಜ್ಜಿ,” ಎಂದಳು ನಿಶ್ಮಿತಾ.

“ಅವರು ಯಾವ ಊರಿನವರು ಮಗಾ?”

“ಆಫ್ರಿಕಾ.”

“ಬಸ್ಸು ಉಂಟಾ?”

ಅವಳು ನಗಲಿಲ್ಲ, ನಾಚಿದಳು. “ಅದಕ್ಕೇ ಅಜ್ಜಿ, ಬಸ್ಸು ಇರುವ ಕಡೆಗೆ ಬಂದದ್ದು. ಆದಿತ್ಯವಾರ ತಿನ್ನುವ ಮೂಡೆ ಯಾರು ಕಟ್ಟುವುದು ಅಂತ ಕೇಳಿದರೆ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.”

ಆ ಮಾತಿಗೆ ನಾನು ಅವರಿಗೆ ಪುನರ್ಪುಳಿ ಶರಬತ್ತು ಮಾಡಿಕೊಟ್ಟೆ. ಶಿವಲೀಲಾ ಒಂದು ಎಲೆ ಮುಟ್ಟಿ ಕೈ ಎಳೆದುಕೊಂಡಳು. “ಯವ್ವಾ! ಇಷ್ಟ್ ಮುಳ್ಳಾಗ ಹ್ಯಾಂಗ್ ಕೈ ಹಾಕ್ತೀರಿ ಅಜ್ಜಿ?”

“ನೋಡಿ ಹಾಕುವುದು. ನೀನು ನೋಡದೆ ಹಾಕಿದೆ.”

“ಹೌದ್ ಬಿಡ್ರಿ, ನಂದ ತಪ್ಪು” ಎಂದು ಬೆರಳು ಚೀಪಿಕೊಂಡು ಇನ್ನೊಂದು ಎಲೆಗೆ ಕೈ ಹಾಕಿದಳು. ಸಂಜೆಯವರೆಗೆ ಕೂತು ಮೂರು ಮೂಡೆ ಕಟ್ಟಿದಳು. ಮೂರೂ ಸೋರುವಂಥದ್ದು. ಆದರೂ ಎದ್ದು ಹೋಗಲಿಲ್ಲ. ಆ ಹುಡುಗಿಯ ಹಟ ನನಗೆ ಹಿಡಿಸಿತು.

ಎಷ್ಟು ಹೊತ್ತು ಕೆಲಸ, ಎಲೆ ಎಲ್ಲಿಂದ, ಎಷ್ಟು ಸಿಗುತ್ತದೆ ಎಂದೆಲ್ಲ ಕೇಳಿ ಬರೆದುಕೊಂಡರು. ಕೊಸರಿನ ವಿಷಯ ಐಸಮ್ಮ ಹೇಳಿದಳು. ನಿಶ್ಮಿತಾಳ ಪೆನ್ನು ನಿಂತುಬಿಟ್ಟಿತು. “ನೂರಕ್ಕೆ ಹತ್ತು ಪುಕ್ಕಟೆ? ಇದು ಶೋಷಣೆ ಅಜ್ಜಿ!” ನನ್ನ ಕಡೆ ತಿರುಗಿದಳು. ನಾನು ಎಲೆಅಡಿಕೆ ಬಾಯಿಗೆ ಹಾಕಿಕೊಂಡೆ. ಆಗಲೇ ಆ ಫೋಟೋ ತೆಗೆದದ್ದು.

ಆಮೇಲೆ ಎರಡು ವಾರ ಸುದ್ದಿ ಇಲ್ಲ. ಮೂರನೇ ವಾರ ವಾಸಣ್ಣ ಬಂದರು, ಪಿಕಪ್ಪಿನಿಂದ ಇಳಿಯಲಿಲ್ಲ. “ಅಪ್ಪಿಯಕ್ಕ, ಈ ಆದಿತ್ಯವಾರಕ್ಕೆ ಮೂಡೆ ಬೇಡ. ಹೋದ ವಾರದ್ದೇ ಹಾಳಾಗಿದೆ. ನಿಮ್ಮ ಮಕ್ಕಳು ಮೂಡೆ ತಿನ್ನುವುದಿಲ್ಲವಂತೆ, ಕ್ಯಾಂಟೀನಿನ ಎದುರು ಕೂತಿದ್ದಾರೆ. ಇದು ಹೀಗೇ ಹೋದರೆ ಚೌತಿಗೂ ನಿಮ್ಮ ಹತ್ತಿರ ತೆಗೆಯುವುದಿಲ್ಲ. ನನಗೆ ಕಟ್ಟುವವರು ಬೇರೆ ಇದ್ದಾರೆ.”

ನಿಮಗೆ ಅರ್ಥವಾಯಿತಲ್ಲ? ನಮಗೆ ನ್ಯಾಯ ಸಿಗಲಿ ಎಂದು ಅವರು ಮೂಡೆ ತಿನ್ನುವುದು ಬಿಟ್ಟರು. ಅವರು ಬಿಟ್ಟದ್ದಕ್ಕೆ ನಮ್ಮ ಕೆಲಸ ಹೋಯಿತು. ಅಂಗಳದಲ್ಲಿ ಬಾಡಿಸಿ ಸುರುಳಿ ಸುತ್ತಿಟ್ಟ ಎಲೆ, ಅದು ಕಾಯುವುದಿಲ್ಲ. ಐಸಮ್ಮ ಬಂದು ನಿಂತಳು. ಅವಳ ಮನೆಯಲ್ಲಿ ದುಡಿಯುವ ಕೈ ಅವಳೊಬ್ಬಳದ್ದೇ. ಬೈಯಲಿಲ್ಲ, “ಇನ್ನೆಂತ ಮಾಡುವ ಅಪ್ಪಿಯಕ್ಕ?” ಎಂದಳು. ಬೈದಿದ್ದರೆ ಒಳ್ಳೆಯದಿತ್ತು.

ಆದಿತ್ಯವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಒಂದು ಕಟ್ಟು ಎಲೆ, ಕತ್ತಿ, ಕಡ್ಡಿಯ ತುಂಡುಗಳು ಚೀಲದಲ್ಲಿ. ಕತ್ತಿ ಯಾಕೆ ಎಂದು ಕಂಡಕ್ಟರ್ ಕೇಳಿದ. “ಕಾಲೇಜಿಗೆ” ಎಂದೆ. ಆಮೇಲೆ ಅವನು ಮಾತಾಡಲಿಲ್ಲ.

ಕ್ಯಾಂಪಸ್ಸಿಗೆ ನಾನು ಅದಕ್ಕಿಂತ ಮೊದಲು ಹೋದವಳಲ್ಲ. ಗೇಟಿನಲ್ಲಿ ಒಂದು ಪುಸ್ತಕ ಇಟ್ಟು ಹೆಸರು ಬರೆಯಲು ಹೇಳಿದರು. ಬರೆಯುವುದು ನನಗೆ ನಿಧಾನ. ‘ಅಪ್ಪಿ’ ಎಂದು ಬರೆಯುವಷ್ಟರಲ್ಲಿ ಹಿಂದೆ ಮೂರು ಬೈಕು ನಿಂತಿದ್ದವು. ಯಾರನ್ನು ಕಾಣಬೇಕು ಎಂಬ ಜಾಗದಲ್ಲಿ ‘ಮಕ್ಕಳು’ ಎಂದು ಬರೆದೆ. ಕ್ಯಾಂಟೀನು ಯಾವುದೆಂದು ಕೇಳಬೇಕಾಗಲಿಲ್ಲ. ದೂರದಿಂದ ನನ್ನದೇ ಮುಖ ಕಂಡಿತು, ಎರಡು ಆಳು ಎತ್ತರ.

ಅದರ ಕೆಳಗೆ ನಲುವತ್ತು ಐವತ್ತು ಮಕ್ಕಳು ನೆಲದಲ್ಲಿ ಕೂತಿದ್ದರು. ಅವಲಕ್ಕಿ ತಿನ್ನುತ್ತಿದ್ದರು. ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ಸಿಟ್ಟು ನೆತ್ತಿಗೇರಿತು.

“ಚಪ್ಪಾಳೆ ನಿಲ್ಲಿಸಿ. ನೀವು ಅವಲಕ್ಕಿ ತಿಂದರೆ ನಮ್ಮ ಹೊಟ್ಟೆ ತುಂಬುವುದಾ? ನಮ್ಮ ಏಳು ಮಂದಿಗೆ ಕೆಲಸ ಇಲ್ಲ. ನಮ್ಮನ್ನು ಕೇಳಿ ಮಾಡಿದಿರಾ ಇದನ್ನು?”

ನಿಶ್ಮಿತಾ ಎದ್ದು ಬಂದಳು. ಕಣ್ಣು ಕೆಂಪಗಿತ್ತು. “ಕೇಳಲಿಲ್ಲ ಅಜ್ಜಿ. ಕೇಳಬೇಕಿತ್ತು. ಈಗ ಕೇಳ್ತೇನೆ. ನಾವು ಏಳಬೇಕಾ, ಕೂರಬೇಕಾ?”

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಅಳುತ್ತಾಳೆ, ಇಲ್ಲ ವಾದ ಮಾಡುತ್ತಾಳೆ ಎಂದುಕೊಂಡಿದ್ದೆ. ಎದ್ದರೆ ಮುಂದಿನ ವಾರ ವಾಸಣ್ಣನ ಪಿಕಪ್ಪು ಬರುತ್ತದೆ, ಹತ್ತು ಎಣಿಸಿಕೊಳ್ಳುತ್ತದೆ. ಕೂತರೆ ಏನಾಗುತ್ತದೋ ಗೊತ್ತಿಲ್ಲ. ಸೀರೆ ಎತ್ತಿ ಕಟ್ಟಿ ನನ್ನ ಮುಖದ ಕೆಳಗೆ ನಾನೇ ಕೂತೆ. ಎಲೆಯ ಕಟ್ಟು ಬಿಚ್ಚಿ ಮೂಡೆ ಕಟ್ಟಲು ಶುರು ಮಾಡಿದೆ. ಖಾಲಿ ಕೈಯಲ್ಲಿ ಕೂರುವುದು ನನಗೆ ಗೊತ್ತಿಲ್ಲ. ಶಿವಲೀಲಾ ಬಂದು ಪಕ್ಕದಲ್ಲಿ ಕೂತು ಒಂದು ಎಲೆ ತೆಗೆದುಕೊಂಡಳು, ಈ ಸಲ ನೋಡಿ.

ಹತ್ತು ಗಂಟೆಗೆ ಹಾಸ್ಟೆಲಿನ ವಾರ್ಡನ್ ಮೇಷ್ಟ್ರು ಬಂದರು. ಊಟದ ಸಮಿತಿಯೂ ಅವರದ್ದೇ ಕೈಯಲ್ಲಂತೆ. ಜೊತೆಗೆ ವಾಸಣ್ಣ. ಅವರನ್ನು ಕರೆಸಿದ್ದರು. ನನ್ನನ್ನು ನೋಡಿ ವಾಸಣ್ಣನ ಮುಖ ಒಂದು ಕ್ಷಣ ಕಪ್ಪಾಯಿತು, ಆಮೇಲೆ ಎಂದಿನ ಹಾಗೆ ನಕ್ಕರು.

“ಸರ್, ಇವರನ್ನೇ ಕೇಳಿ. ನೂರಕ್ಕೆ ಹತ್ತು ನಾನು ಕಿತ್ತುಕೊಂಡೆ ಅಂತ ಈ ಮಕ್ಕಳು ಬರೆದಿದ್ದಾರಲ್ಲ. ಅಪ್ಪಿಯಕ್ಕ, ಹೇಳಿ. ಹತ್ತು ನಾನು ಕೇಳಿದ್ದಾ, ನೀವೇ ಕೊಟ್ಟದ್ದಾ?”

ಮಕ್ಕಳೆಲ್ಲ ನನ್ನನ್ನೇ ನೋಡಿದರು. ಅವರ ಕಾಗದದಲ್ಲಿ ಕಿತ್ತುಕೊಂಡದ್ದು ಎಂದು ಬರೆದಿತ್ತು. ಕಿತ್ತುಕೊಂಡರು ಎಂದು ಒಂದು ಮಾತು ಹೇಳಿದರೆ ಕೆಲಸ ಮುಗಿಯುತ್ತಿತ್ತು. ಕೈಯಲ್ಲಿದ್ದ ಮೂಡೆಗೆ ಕಡ್ಡಿ ಚುಚ್ಚಿ ಕೆಳಗಿಟ್ಟೆ.

“ನಾನೇ ಕೊಟ್ಟದ್ದು” ಎಂದೆ.

ಹಿಂದಿನಿಂದ ಯಾರೋ “ಅಯ್ಯೋ” ಎಂದರು. ನಿಶ್ಮಿತಾ ನೆಲ ನೋಡಿದಳು. ವಾಸಣ್ಣ ಮೇಷ್ಟ್ರ ಕಡೆಗೆ ಕೈ ಚಾಚಿ, “ನೋಡಿದಿರಲ್ಲ ಸರ್?” ಎಂದರು.

“ಮುಗಿಯಲಿಲ್ಲ ವಾಸಣ್ಣ, ನಿಲ್ಲಿ” ಎಂದೆ. ಅಡುಗೆಯ ಭಟ್ಟರು ಬಾಗಿಲಿನಲ್ಲಿ ನಿಂತು ತಮಾಷೆ ನೋಡುತ್ತಿದ್ದರು. ಅವರನ್ನು ಕೇಳಿದೆ: “ಭಟ್ರೇ, ಮೂಡೆ ನೂರು ಬಂದರೆ ನಿಮಗೆ ಕೊಸರು ಎಷ್ಟು ಬರ್ತದೆ?”

“ಕೊಸರಾ?” ಭಟ್ಟರು ನಕ್ಕರು. “ಎಂತ ಕೊಸರು ಮಾರಾಯ್ರೇ! ಎಣಿಸಿ ನೂರು. ಅದರಲ್ಲಿ ನಾಲ್ಕು ಸೀಳ್ತದೆ. ಕೊನೆಗೆ ಬಂದ ಮಕ್ಕಳಿಗೆ ಪ್ರತಿ ವಾರ ಬನ್ನು ಕೊಡುವುದು.”

ಎಂಟು ವರ್ಷ. ನಾವು ಏಳು ಮಂದಿ ಹಾಕಿದ ಕೊಸರು ಈ ಒಲೆಯವರೆಗೆ ಬಂದೇ ಇರಲಿಲ್ಲ. ನೂರರ ಜೊತೆಗೆ ಹತ್ತು ಎಣಿಸಿ, ಹತ್ತು ಸಲಕ್ಕೆ ಇನ್ನೊಂದು ನೂರು ಮಾಡಿ ಮಾರಿದ್ದಾರೆ. ದುಡ್ಡಿನ ಸಿಟ್ಟಿಗಿಂತ ಹೆಚ್ಚಿನದ್ದು ಇದು. ನಾನು ಯಾರಿಗೋ ಊಟಕ್ಕೆ ಬಡಿಸಿದ್ದನ್ನು ನಡುವಿನಲ್ಲಿ ನಿಂತವರು ತಿಂದರೆ ಹೇಗಾಗುತ್ತದೆ, ಹಾಗಾಯಿತು.

“ವಾಸಣ್ಣ, ನಾನು ಕೊಟ್ಟದ್ದು ತಿನ್ನುವವರಿಗೆ. ನಿಮ್ಮ ಚೀಲಕ್ಕೆ ಅಲ್ಲ. ನನ್ನ ಜಂಬಕ್ಕೆ ನಾನು ಕೊಟ್ಟೆ, ಅದು ನನ್ನ ತಪ್ಪು. ಐಸಮ್ಮ ಎಲ್ಲಿ ಕೊಟ್ಟಳು? ಅವಳಿಗೆ ಕ್ಯಾಂಟೀನಿನ ನಿಯಮ ಅಂತ ಹೇಳಿದವರು ಯಾರು? ಭಟ್ರೇ, ನಿಮ್ಮಲ್ಲಿ ಅಂಥ ನಿಯಮ ಉಂಟಾ?”

“ನಮಗೆ ಗೊತ್ತೇ ಇಲ್ಲ.”

“ಹಾಗಾದರೆ ಅದು ಕಿತ್ತುಕೊಂಡದ್ದೇ. ಮಗಾ ನಿಶ್ಮಿತಾ, ನಿನ್ನ ಕಾಗದದಲ್ಲಿ ಏಳು ಮಂದಿ ಅಂತ ಉಂಟಲ್ಲ, ಆರು ಮಾಡು. ಉಳಿದದ್ದು ಸರಿ ಉಂಟು.”

ವಾಸಣ್ಣ ಏನೋ ಹೇಳಲು ಬಾಯಿ ತೆರೆದರು, ಡೀಸೆಲ್ಲು, ರಿಪೇರಿ ಎಂದು ಎರಡು ಮಾತಾಡಿದರು. ಮೇಷ್ಟ್ರು ಕೇಳಿಸಿಕೊಂಡರು. ಆಮೇಲೆ ನನ್ನನ್ನು ಕೇಳಿದರು: “ನೀವೇ ತಂದುಕೊಡ್ತೀರಾ? ಮಳೆಗಾಲದಲ್ಲೂ? ಒಂದು ವಾರ ತಪ್ಪಿದರೆ ಇಷ್ಟು ಮಕ್ಕಳಿಗೆ ತಿಂಡಿ ಇಲ್ಲ.”

“ತಪ್ಪಿದರೆ ಮುಂದಿನ ವಾರ ತೆಗೆದುಕೊಳ್ಳಬೇಡಿ.”

“ಬಸ್ಸಿನಿಂದ ಚೀಲ ಇಳಿಸಲಿಕ್ಕೆ ನಾವು ಬರ್ತೇವೆ ಸರ್,” ಎಂದಳು ನಿಶ್ಮಿತಾ. “ಪ್ರತಿ ಶನಿವಾರ. ಬರೆದು ಕೊಡ್ತೇವೆ.”

“ಪರೀಕ್ಷೆ ಇದ್ದರೂ?”

“ಪರೀಕ್ಷಿ ಇದ್ರೂ ಬರ್ತೀವ್ರಿ ಸರ್,” ಎಂದಳು ಶಿವಲೀಲಾ. ಅವಳ ಬೆರಳಿನಲ್ಲಿ ರಕ್ತ ಇತ್ತು, ಮಡಿಲಲ್ಲಿ ಸೋರದ ಮೂಡೆ ಒಂದಿತ್ತು.

ನಾಲ್ಕು ಆದಿತ್ಯವಾರ ನೋಡುವ ಎಂದರು ಮೇಷ್ಟ್ರು. ಒಂದು ಹಾಳೆಯಲ್ಲಿ ಎಲ್ಲ ಬರೆದರು. ನಿಶ್ಮಿತಾ ಓದಿ ಹೇಳಿದಳು. ಕೊನೆಗೆ ಒಂದು ಸಾಲು: ಕೊಸರು ಕೇಳಬಾರದು, ಕೊಡಲೂ ಬಾರದು.

“ಅದನ್ನು ಹೊಡೆದು ಹಾಕು” ಎಂದೆ.

“ಅಜ್ಜಿ, ಅದಕ್ಕೋಸ್ಕರವೇ ಅಲ್ವಾ ನಾವು ಎರಡು ವಾರ ಕೂತದ್ದು?”

“ಕೇಳಬಾರದು ಎಂಬುದು ಇರಲಿ. ಕೊಡಬಾರದು ಎಂದು ಹೇಳಲಿಕ್ಕೆ ನೀನು ಯಾರು ಮಾರಾಯ್ತಿ? ಎರಡು ಮೂಡೆ ಕೊಡುವಷ್ಟು ನನ್ನ ಕೈಯಲ್ಲಿ ಉಂಟು. ಅದನ್ನೂ ನೀನು ಇಟ್ಟುಕೊಂಡರೆ ವಾಸಣ್ಣನಿಗೂ ನಿನಗೂ ಎಂತ ವ್ಯತ್ಯಾಸ?”

ಅವಳಿಗೆ ಸಿಟ್ಟು ಬಂತು. ಕಾಣುತ್ತಿತ್ತು. ಆಮೇಲೆ ಹೊಡೆದು ಹಾಕಿ, ಮೇಲೆ ‘ಕೊಸರು ಕಟ್ಟುವವರ ಇಷ್ಟ’ ಎಂದು ಬರೆದಳು. ನಾನು ಸಹಿ ಹಾಕಿದೆ. ಹೊರಡುವಾಗ ಆ ಫ್ಲೆಕ್ಸು ಇನ್ನು ಬೇಕಾ ಎಂದು ಕೇಳಿದೆ. ಬೇಡ ಎಂದರು. ಮಡಚಿ ಚೀಲಕ್ಕೆ ಹಾಕಿಕೊಂಡೆ. ನನ್ನ ಕಟ್ಟಿಗೆ ಆ ವರ್ಷ ಒದ್ದೆಯಾಗುತ್ತಿತ್ತು.

ಬಸ್ಸಿನಲ್ಲಿ ಕೂತಾಗ ಒಂದು ವಿಷಯ ಕುಟುಕಿತು. ಐವತ್ತು ಮಕ್ಕಳ ಎದುರು, ಮೇಷ್ಟ್ರ ಎದುರು, ಭಟ್ಟರ ಎದುರು ನನ್ನ ತಪ್ಪು ಎಂದು ಹೇಳಿದೆ. ಹೇಳಬೇಕಾದವಳಿಗೆ ಹೇಳಲಿಲ್ಲ. ಗುರುತಿಲ್ಲದವರ ಎದುರು ಹೇಳುವುದು ಸುಲಭ.

ಮರುದಿನ ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಒಂದು ಕಟ್ಟು ಎಲೆ ಹೊತ್ತು ತೋಡಿನ ಮೇಲಿನ ಸಂಕ ದಾಟಿದೆ. ಐಸಮ್ಮ ಅಂಗಳ ಗುಡಿಸುತ್ತಿದ್ದಳು. ಅವಳ ಜಗಲಿಯಲ್ಲಿ ಕೂತು, ಆ ಹತ್ತು ಮೊದಲು ನನ್ನ ಬಾಯಿಂದ ಬಂದದ್ದು ಎಂದೆ. ಅವಳು ಗುಡಿಸುವುದು ನಿಲ್ಲಿಸಲಿಲ್ಲ.

“ಗೊತ್ತುಂಟು” ಎಂದಳು.

“ಯಾವಾಗಿಂದ?”

“ಎರಡನೇ ವರ್ಷದಿಂದ. ವಾಸಣ್ಣನೇ ಹೇಳಿದ್ದು. ನೀನು ಯಾವಾಗ ಹೇಳ್ತಿಯೋ ನೋಡುವ ಅಂತ ಇದ್ದೆ.”

“ಆರು ವರ್ಷ ನನ್ನ ಜೊತೆ ಕೂತು ಕ್ಯಾಂಟೀನಿನವರಿಗೆ ಶಾಪ ಹಾಕಿದಿಯಲ್ಲ?”

“ಕ್ಯಾಂಟೀನಿನ ಹೆಸರು ಹೇಳಿ ಹಾಕಿದ್ದು” ಎಂದಳು ಐಸಮ್ಮ. ಹಿಡಿಸೂಡಿ ಮೂಲೆಗಿಟ್ಟು ಒಳಗೆ ಹೋದಳು.

ನಾನು ಏಳಲಿಲ್ಲ. ಕಟ್ಟು ಬಿಚ್ಚಿದೆ. ಬಾಯಿ ಮುಚ್ಚಿಕೊಂಡು ಮುಳ್ಳು ತೆಗೆದೆ. ಮಧ್ಯಾಹ್ನಕ್ಕೆ ಮೊದಲು ನೂರು ಮೂಡೆ ಕಟ್ಟಿ ಅವಳ ಚೀಲಕ್ಕೆ, ಅವಳ ಲೆಕ್ಕಕ್ಕೆ ಹಾಕಿದೆ. ಆಮೇಲೆ ಇನ್ನೆರಡು ಕಟ್ಟಿ ಅದರ ಮೇಲಿಟ್ಟೆ.